ಕುಪ್ಪಿ ತಡೆಯುವ ಬೆರಳು

ಕಲ್ಪೆಟ್ಟದ ಹತ್ತಿರದ ಒಂದು ಆಸ್ಪತ್ರೆಯಲ್ಲಿ ನಾನು ರಿಪೇರಿ ಕೆಲಸದವನು. ನಲ್ಲಿ ಸೋರಿದರೆ, ಮಂಚದ ಚಕ್ರ ಕಿತ್ತುಬಂದರೆ, ಜನರೇಟರ್ ಕೆಮ್ಮಿದರೆ ನನ್ನನ್ನು ಕೂಗುತ್ತಾರೆ. ಆದರೆ ನನ್ನ ತಲೆ ಹೆಚ್ಚು ತಿಂದದ್ದು ಗಾಳಿಕೊಳವೆ. ಮಹಡಿ ಮೇಲಿನ ವಾರ್ಡುಗಳಿಂದ ನೆಲಮಾಳಿಗೆಯ ಲ್ಯಾಬಿಗೆ ರಕ್ತದ, ಕಫದ, ಮೂತ್ರದ ಸ್ಯಾಂಪಲ್ಲುಗಳು ಹೋಗುವ ದಾರಿ ಅದು. ನರ್ಸು ಸ್ಯಾಂಪಲ್ಲನ್ನು ಮೊಳಕೈ ಉದ್ದದ ಪ್ಲಾಸ್ಟಿಕ್ ಡಬ್ಬಿಯಲ್ಲಿಟ್ಟು ಬಿಗಿದು, ಗೋಡೆಯಲ್ಲಿರುವ ಕೊಳವೆಯ ಬಾಯಿಗೆ ಕೊಟ್ಟರೆ ಸಾಕು. ಕೆಳಗಿನ ಯಂತ್ರ ಗಾಳಿ ಎಳೆಯುತ್ತಲೇ ಇರುತ್ತದೆ, ಡಬ್ಬಿ ಸೊರ್ರನೆ ಒಳಗೆ ಹೋಗಿಬಿಡುತ್ತದೆ. ಆ ಡಬ್ಬಿಗೆ ನಮ್ಮಲ್ಲಿ ಎಲ್ಲರೂ ಕುಪ್ಪಿ ಎನ್ನುತ್ತಾರೆ. ಮಲಯಾಳದಲ್ಲಿ ಕುಪ್ಪಿ ಎಂದರೆ ಬಾಟಲಿ.

ಹೊಸ ಆಸ್ಪತ್ರೆಗಳಲ್ಲಿ ಇದನ್ನೆಲ್ಲ ಕಂಪ್ಯೂಟರು ನೋಡಿಕೊಳ್ಳುತ್ತದಂತೆ. ನಮ್ಮದು ಎಲ್ಲೋ ಮುಚ್ಚಿಹೋದ ದೊಡ್ಡ ಕಟ್ಟಡದಿಂದ ಕಳಚಿ ತಂದು ಜೋಡಿಸಿದ ಹಳೆಯ ಸರಕು. ಮೂರು ಮಹಡಿಗಳ ಕೊಳವೆಗಳೂ ಮೊದಲ ಮಹಡಿಯ ಮೂಲೆಯ ಒಂದು ಸಣ್ಣ ಕೋಣೆಯಲ್ಲಿ ಕೂಡುತ್ತವೆ. ಅಲ್ಲಿಂದ ಕೆಳಕ್ಕೆ ಒಂದೇ ಕೊಳವೆ. ಮೂರು ಕಡೆಯಿಂದ ಕುಪ್ಪಿಗಳು ನುಗ್ಗಿ, ಒಂದರ ಬೆನ್ನಿಗೆ ಒಂದು ಅಂಟಿಕೊಂಡು ಹೋದರೆ ಕೆಳಗಿನ ತಿರುವಿನಲ್ಲಿ ಹಿಂದಿನದು ಮುಂದಿನದಕ್ಕೆ ಗುದ್ದುತ್ತದೆ. ಒಳಗಿನ ಗಾಜಿನ ನಳಿಕೆ ಒಡೆಯುತ್ತದೆ. ಒಡೆದರೆ ಮೇಲೆ ಮಲಗಿದ ಯಾವುದೋ ಬಡಪಾಯಿಗೆ ಮತ್ತೊಮ್ಮೆ ಸೂಜಿ.

ಹಾಗಾಗದಂತೆ ನೋಡಿಕೊಳ್ಳುವುದಕ್ಕೆ ಆ ಕೋಣೆಯಲ್ಲಿ, ಕೊಳವೆಯ ಪಕ್ಕಕ್ಕೆ ಒಂದು ಕಬ್ಬಿಣದ ಬೆರಳಿದೆ. ಕುಪ್ಪಿಯೊಂದು ದಾಟಿ ಹೋಗುವಾಗ ಒಂದು ಸಣ್ಣ ಪಟ್ಟಿಯನ್ನು ಒತ್ತುತ್ತದೆ. ಪಟ್ಟಿ ಒತ್ತಿದ ಕೂಡಲೇ ಬೆರಳು ಕೊಳವೆಯೊಳಕ್ಕೆ ಚಾಚಿಕೊಳ್ಳುತ್ತದೆ, ಹಿಂದೆ ಬರುವ ಕುಪ್ಪಿ ಅದಕ್ಕೆ ತಾಗಿ ನಿಲ್ಲುತ್ತದೆ. ಆಮೇಲೆ ಒಂದು ಸ್ಪ್ರಿಂಗು ಆ ಬೆರಳನ್ನು ಮೆಲ್ಲಗೆ ಹಿಂದಕ್ಕೆ ಎಳೆದುಕೊಳ್ಳುತ್ತದೆ. ಅದು ಪೂರ್ತಿ ಹಿಂದೆ ಸರಿಯುವಷ್ಟರಲ್ಲಿ ಮುಂದೆ ಹೋದ ಕುಪ್ಪಿ ಲ್ಯಾಬಿನ ಬುಟ್ಟಿಗೆ ಬಿದ್ದಾಗಿರುತ್ತದೆ. ಸ್ಪ್ರಿಂಗನ್ನು ಅವಸರಪಡಿಸದೆ ಮೆಲ್ಲಗೆ ಎಳೆಯುವಂತೆ ಮಾಡುವುದು ಎಣ್ಣೆ ತುಂಬಿದ ಒಂದು ಬಟ್ಟಲು. ಬ್ಯಾಂಕಿನ ಗಾಜಿನ ಬಾಗಿಲು ನಾವು ಒಳಗೆ ಹೋದ ಮೇಲೆ ತಾನಾಗಿ ಮೆಲ್ಲಗೆ ಮುಚ್ಚಿಕೊಳ್ಳುತ್ತದಲ್ಲ, ಅದರ ನೆತ್ತಿಯ ಮೇಲಿರುವುದೂ ಇಂಥದೇ ಬಟ್ಟಲು.

ಇಷ್ಟೇ ವಿದ್ಯೆ. ಆದರೆ ಈ ಬಟ್ಟಲಿನ ಕಾಟ ನನಗೊಬ್ಬನಿಗೇ ಗೊತ್ತು. ಅದರ ವಾಷರು ಸವೆದಿದೆ, ಹೊಸದು ಎಲ್ಲೂ ಸಿಗುವುದಿಲ್ಲ. ಎಣ್ಣೆ ಜಿನುಗುತ್ತಲೇ ಇರುತ್ತದೆ, ಆಗಾಗ ತುಂಬಬೇಕು. ಎಣ್ಣೆ ಕಡಿಮೆಯಾದರೆ ಬೆರಳು ಪಟ್ಟನೆ ಹಿಂದೆ ಸರಿದು ಕುಪ್ಪಿಗಳನ್ನು ಒಂದರ ಬೆನ್ನಿಗೊಂದು ಬಿಟ್ಟುಬಿಡುತ್ತದೆ. ಬೇಸಿಗೆಯಲ್ಲಿ ಎಣ್ಣೆ ತೆಳುವಾಗಿ ಅವಸರ, ಚಳಿಗಾಲದಲ್ಲಿ ಮಂದವಾಗಿ ಸೋಮಾರಿತನ. ಸೋಮಾರಿಯಾದ ದಿನ ನರ್ಸಮ್ಮಗಳು ನನಗೆ ಫೋನ್ ಮಾಡಿ ಬೈಯುತ್ತಾರೆ. ನನಗೂ ಕೋಪ ಮೂಗಿನ ತುದಿಯಲ್ಲೇ ಇರುವುದು, ನಾನೂ ಬಿಡುತ್ತಿರಲಿಲ್ಲ. ನಿಮ್ಮ ಕುಪ್ಪಿಗೆ ಒಂದು ಉಸಿರು ಕಾಯುವುದಕ್ಕೆ ಆಗುವುದಿಲ್ಲವಾ ಎಂದು ಕೇಳುತ್ತಿದ್ದೆ.

ಮೊದಲ ಸಲ ಇದನ್ನೆಲ್ಲ ಹೆಂಡತಿಗೆ ವಿವರಿಸಿದಾಗ ಅವಳು ಮುದ್ದೆ ತೊಳಸುತ್ತ ಕೇಳಿಸಿಕೊಂಡು, "ಹಂಗಂದ್ರೆ ಬೆಳಗ್ಗಿಂದ ಸಂಜೆಗಂಟ ನೀವು ಮಾಡೋದು ಎಲ್ಲಾರ್ನೂ ವಸಿ ತಡೀರಿ, ತಡೀರಿ ಅನ್ನೋದು. ಅದ್ಕೆ ಇಷ್ಟು ಜಂಬವಾ?" ಎಂದಳು.

ಅವಳ ತವರು ಹೊಳೆಯ ಆಚೆ. ನಮ್ಮ ಮನೆ ಮರಕ್ಕಡವಿನಲ್ಲಿ, ಕಬಿನಿಯ ಈಚೆ ದಡದಲ್ಲಿ. ಈಚೆ ಕೇರಳ, ಆಚೆ ಕರ್ನಾಟಕ, ನಡುವೆ ತೋಣಿ, ಅಂದರೆ ದೋಣಿ. ನನ್ನ ಅಜ್ಜನ ಕಾಲಕ್ಕೆ ನಮ್ಮವರು ಗುಳೆ ಬಂದಂತೆ ಬಂದು ಇಲ್ಲಿ ಬೇರುಬಿಟ್ಟರು. ನಾನು ಓದಿದ್ದು ಮಲಯಾಳದಲ್ಲಿ, ಕೋಪಿಸಿಕೊಳ್ಳುವುದು ಕನ್ನಡದಲ್ಲಿ. ಅವಳು ಮದುವೆಯಾಗಿ ತೋಣಿ ಹತ್ತಿ ಬಂದವಳು. ಮಲಯಾಳ ಅರ್ಥವಾಗುತ್ತಿತ್ತು, ಆಡಲು ಹೋದರೆ ಅರ್ಧ ದಾರಿಯಲ್ಲಿ ಕನ್ನಡಕ್ಕೆ ಇಳಿದುಬಿಡುತ್ತಿದ್ದಳು. ಅಂಗಡಿಯವನು ನಕ್ಕರೆ ಅವಳೂ ನಗುತ್ತಿದ್ದಳು.

ಸಂಜೆ ಹೊತ್ತಿಗೆ ಅತ್ತೆ ಆಚೆ ದಡಕ್ಕೆ ಪಾತ್ರೆ ಬೆಳಗಲು ಬರುತ್ತಿದ್ದರು. ಇವಳು ಈಚೆ ದಡಕ್ಕೆ ಬಟ್ಟೆ ಹಿಡಿದು ಹೋಗುತ್ತಿದ್ದಳು. ತಾಯಿ ಮಗಳು ನೀರಿನ ಮೇಲೆ ಕೂಗಿಕೊಂಡೇ ಸಂಸಾರದ ಕತೆಯೆಲ್ಲ ಮುಗಿಸುತ್ತಿದ್ದರು. ಏನು ಸಾರು, ಯಾರಿಗೆ ಜ್ವರ, ಅಳಿಯ ಯಾವುದಕ್ಕೆ ಮುನಿಸಿಕೊಂಡಿದ್ದಾನೆ. ಕಿಸೆಯಲ್ಲಿ ಫೋನ್ ಇರುವಾಗ ಎರಡು ರಾಜ್ಯಕ್ಕೂ ಕೇಳುವ ಹಾಗೆ ಯಾಕೆ ಕಿರುಚುತ್ತೀಯೆ ಎಂದು ನಾನು ರೇಗುತ್ತಿದ್ದೆ. "ಫೋನಲ್ಲಿ ಅವ್ವನ ಮೊಕ ಎಲ್ಲಿ ಕಾಣ್ತದೆ?" ಎನ್ನುತ್ತಿದ್ದಳು. ಅಷ್ಟು ದೂರದಿಂದ ಮುಖ ಕಾಣುವುದಿಲ್ಲ ಎಂದರೆ ಒಪ್ಪುತ್ತಿರಲಿಲ್ಲ.

ಅವಳಿಗೆ ಬಂದ ಕಾಯಿಲೆ ರಕ್ತದ್ದು. ಎಲುಬಿನೊಳಗೆ ರಕ್ತ ಹುಟ್ಟುವುದೇ ಕಡಿಮೆಯಾಗುತ್ತಿದೆ ಎಂದರು ಡಾಕ್ಟರು. ಮೊದಲು ಸುಸ್ತು, ಆಮೇಲೆ ಒಸಡಿನಲ್ಲಿ ರಕ್ತ, ಆಮೇಲೆ ಮೈಮೇಲೆಲ್ಲ ಯಾರೋ ಚಿವುಟಿದಂತೆ ನೀಲಿ ಕಲೆಗಳು. ಬೆಟ್ಟವಿಳಿದು ಕೋಯಿಕ್ಕೋಡಿಗೂ ಹೋಗಿ ಬಂದೆವು. ಕೊನೆಗೆ ನಾನು ಕೆಲಸ ಮಾಡುವಲ್ಲೇ, ಮೊದಲ ಮಹಡಿಯ ಹೆಂಗಸರ ವಾರ್ಡಿನಲ್ಲಿ, ಕಿಟಕಿಯ ಪಕ್ಕದ ಮಂಚ ಅವಳದಾಯಿತು. ಅತ್ತೆ ಒಂದು ಸಲ ಬಂದು ನೋಡಿಕೊಂಡು ಹೋದರು. ಪುಲ್ಪಳ್ಳಿ ದಾಟಿ ಕೇಣಿಚಿರ ಬರುವಷ್ಟರಲ್ಲಿ ಬಸ್ಸಿನಲ್ಲಿ ವಾಂತಿಯಾಗಿ ಅರ್ಧ ಜೀವವಾಗಿದ್ದರು. ಅದನ್ನು ನೋಡಿ ಇವಳು, "ನೀ ಇನ್ನು ಬರಬ್ಯಾಡ ಕಣವ್ವ. ನಾನೇ ಬತ್ತೀನಿ. ಹೊಳೆತಾವ ಬಂದು ಕೂಗ್ತೀನಿ, ನೀ ಆಚೆ ಬಂದು ನಿಂತ್ಕೊ" ಎಂದು ಮಾತು ಕೊಟ್ಟಳು.

ಅದೊಂದೇ ಅವಳ ಮನಸ್ಸಿನಲ್ಲಿ ಇದ್ದದ್ದು. ಬದುಕುತ್ತೇನೋ ಇಲ್ಲವೋ ಎಂದು ಒಂದು ದಿನವೂ ಕೇಳಲಿಲ್ಲ. ಯಾವಾಗ ಹೋಗೋಣ ಎಂದು ದಿನಾ ಕೇಳುತ್ತಿದ್ದಳು. ನಾನು ಇನ್ನೊಂದು ರಿಪೋರ್ಟ್ ಬರಲಿ, ಇನ್ನೊಂದು ಬಾಟಲಿ ರಕ್ತ ಏರಲಿ ಎನ್ನುತ್ತಿದ್ದೆ. ರಿಪೋರ್ಟಿನಲ್ಲಿ ಒಂದಿಷ್ಟು ಒಳ್ಳೆಯದು ಕಂಡರೆ ಆ ದಿನವೆಲ್ಲ ನಾನು ಎದೆಯುಬ್ಬಿಸಿ ಓಡಾಡುತ್ತಿದ್ದೆ. ಮರುದಿನದ ರಿಪೋರ್ಟು ಅದನ್ನು ಕಿತ್ತುಕೊಳ್ಳುತ್ತಿತ್ತು.

ಅವಳ ಸ್ಯಾಂಪಲ್ಲುಗಳೂ ನನ್ನ ಕೊಳವೆಯಲ್ಲೇ ಇಳಿಯುತ್ತಿದ್ದವು. ಬೆರಳಿನ ಕೋಣೆಗೂ ಅವಳ ವಾರ್ಡಿಗೂ ನಡುವೆ ಒಂದು ಗೋಡೆ ಮಾತ್ರ. ಬೆರಳು ಚಾಚಿದಾಗ ಟಕ್ ಎನ್ನುವುದು, ಹಿಂದೆ ಸರಿದು ಕುಪ್ಪಿ ಹೊರಟಾಗ ಸೊರ್ ಎನ್ನುವುದು ಅವಳಿಗೆ ಮಲಗಿದಲ್ಲಿಗೇ ಕೇಳುತ್ತಿತ್ತು. "ನನ್ ರಕ್ತನೂ ನಿಮ್ಮ ಬಾಗ್ಲಲ್ಲಿ ಕಾಯ್ಬೇಕಾ? ಕಟ್ಕೊಂಡ ಹೆಂಡ್ತಿ ಅಂತ ವಸಿ ಮುಂದಕ್ಕೆ ಬಿಡಿ" ಎಂದು ಗೇಲಿ ಮಾಡುತ್ತಿದ್ದಳು. ಬೆರಳಿಗೆ ಹೆಂಡತಿ ಮಕ್ಕಳು ಗೊತ್ತಾಗುವುದಿಲ್ಲ ಎಂದು ನಾನು ಹೇಳುತ್ತಿದ್ದೆ.

ಆ ವಾರ್ಡಿನಲ್ಲಿ ಆಯಾ ಕೆಲಸಕ್ಕೆ ಒಬ್ಬರು ಚೇಚಿ ಇದ್ದಾರೆ. ನನಗಿಂತ ತುಸು ಹಿರಿಯರು. ಎಲ್ಲರಿಗೂ ಚೇಚಿ, ಅಂದರೆ ಅಕ್ಕ. ಅವರಿಗೆ ಕನ್ನಡದ ಒಂದಕ್ಷರವೂ ಬಾರದು. ಅವರು ಮಲಯಾಳದಲ್ಲಿ ಆಡಿದ್ದನ್ನು ನಾನು ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ನನ್ನನ್ನು ಮೋನೆ ಎಂದು, ಅವಳನ್ನು ಮೋಳೆ ಎಂದು ಕರೆಯುತ್ತಿದ್ದರು, ಮಗ ಮಗಳನ್ನು ಕರೆದ ಹಾಗೆ. ಅವಳ ಮೈ ಒರೆಸುವುದು, ತಲೆ ಬಾಚುವುದು, ಹಾಸಿಗೆಯ ಮಡಿಕೆ ನೀಟಾಗಿ ಎಳೆಯುವುದು ಎಲ್ಲ ಅವರೇ. ಅವರಿಗೆ ಮಂಡಿಯವರೆಗೆ ಇಳಿಯುವ ಕೂದಲು, ಅದಕ್ಕೆ ದಿನಾ ಕೊಬ್ಬರಿ ಎಣ್ಣೆಯ ಅಭಿಷೇಕ. ನಮ್ಮ ಬೆಟ್ಟದ ಚಳಿಗೆ ಧನು, ಮಕರ ಮಾಸದಲ್ಲಿ ಕೊಬ್ಬರಿ ಎಣ್ಣೆ ಬಾಟಲಿಯಲ್ಲೇ ಗಟ್ಟಿಯಾಗಿಬಿಡುತ್ತದೆ. ಮನೆಗಳಲ್ಲಿ ಬಿಸಿಲಿಗಿಡುತ್ತಾರೆ, ಒಲೆಯ ಪಕ್ಕ ಇಡುತ್ತಾರೆ. ಚೇಚಿ ತಮ್ಮ ಬಾಟಲಿಯನ್ನು ವಾರ್ಡಿನ ಬಿಸಿನೀರಿನ ಗೀಸರ್ ಮೇಲೆ ಇಟ್ಟಿರುತ್ತಿದ್ದರು. ಹೆಂಡತಿಯ ತಲೆಗೂ ಅದೇ ಎಣ್ಣೆ ಹಚ್ಚುತ್ತಿದ್ದರು.

ಆ ಕೊನೆಯ ವಾರಗಳಲ್ಲಿ ಬಟ್ಟಲು ಹಟ ಹಿಡಿದಿತ್ತು. ಎಣ್ಣೆ ತುಂಬಿದಷ್ಟೂ ಜಿನುಗುತ್ತಿತ್ತು. ನಾನು ಮಂಚದ ಪಕ್ಕ ಸ್ಟೂಲಿನ ಮೇಲೆ ಕೂತು ಅವಳಿಗೆ ಒಂದು ಚಮಚ ಗಂಜಿ ಕುಡಿಸುವಷ್ಟರಲ್ಲಿ ಗೋಡೆಯಾಚೆ ಟಕ್ ಟಕ್ ಎಂದು ಎರಡು ಸದ್ದು ಒಂದರ ಬೆನ್ನಿಗೊಂದು ಕೇಳುತ್ತಿತ್ತು. ಬೆರಳು ತಡೆಯುತ್ತಿಲ್ಲ ಎಂದರ್ಥ. ಏಳುತ್ತಿದ್ದೆ.

"ಹೋಗಿ, ನಿಮ್ಮ ಎರಡ್ನೇ ಹೆಂಡ್ತಿ ಕರೀತಾವ್ಳೆ" ಎನ್ನುತ್ತಿದ್ದಳು ಅವಳು.

ಮೊದಮೊದಲು ನಗುತ್ತ ಹೇಳುತ್ತಿದ್ದಳು. ಕೊನೆಕೊನೆಗೆ ನನ್ನ ಅಂಗಿಯ ತುದಿ ಹಿಡಿದುಕೊಂಡೇ ಹೇಳುತ್ತಿದ್ದಳು. ನಾನು ಅವಳ ಬೆರಳು ಬಿಡಿಸಿ ಹೋಗುತ್ತಿದ್ದೆ. ಚೇಚಿ ಇದನ್ನು ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಭಾಷೆ ತಿಳಿಯದಿದ್ದರೂ ಅಂಗಿ ಹಿಡಿದದ್ದು ಅವರಿಗೆ ತಿಳಿಯುತ್ತಿತ್ತು.

ಒಂದು ದಿನ ಮಧ್ಯಾಹ್ನ ಡಾಕ್ಟರು ನನ್ನನ್ನು ಹೊರಗೆ ಕರೆದರು. ಬಹಳ ಒಳ್ಳೆಯ ಹೆಂಗಸು ಅವರು, ಕಣ್ಣು ತಪ್ಪಿಸಲಿಲ್ಲ. ಇನ್ನು ಸೂಜಿ ಚುಚ್ಚುವುದರಲ್ಲಿ ಅರ್ಥವಿಲ್ಲ, ಅವಳು ಎಲ್ಲಿರಬೇಕು ಅನ್ನುತ್ತಾಳೋ ಅಲ್ಲಿಗೆ ಕರೆದುಕೊಂಡು ಹೋಗಿ ಎಂದರು. ಕೆಲವು ದಿನ ಸಿಗಬಹುದು ಎಂದರು. ನಾನು ಒಳಗೆ ಬಂದು, "ನಾಳೆ ಹೊರಡಾನ ಕಣೆ" ಎಂದೆ. ಅವಳು ನನ್ನ ಮುಖವನ್ನೇ ಸ್ವಲ್ಪ ಹೊತ್ತು ನೋಡಿದಳು. ಎಲ್ಲವೂ ಅರ್ಥವಾಯಿತು ಎಂದು ನನಗೂ ಅರ್ಥವಾಯಿತು. ಆದರೂ ಅವಳಿಗೆ ಖುಷಿಯೇ ಆಯಿತು. ಅವ್ವನಿಗೆ ಫೋನ್ ಮಾಡಿಸಿ, ನಾಳೆ ಸಂಜೆ ಹೊಳೆಗೆ ಬಾ ಎಂದು ಹೇಳಿಸಿದಳು. ಕೂಗುವ ಶಕ್ತಿ ಎಲ್ಲಿತ್ತು ಅವಳಿಗೆ? ಪಿಸುಮಾತಿಗೇ ದಮ್ಮು ಬರುತ್ತಿತ್ತು. ನಾನು ಕೂಗುತ್ತೇನೆ, ನೀನು ಕೈ ಬೀಸು ಎಂದೆ. ನಿಮ್ಮ ಗಂಟಲು ಕೇಳಿದರೆ ಅವ್ವ ಓಡಿ ಹೋಗುತ್ತಾಳೆ ಎಂದಳು.

ಗುರುತಿನವನ ಜೀಪಿಗೆ ಹೇಳಿದೆ. ಬೆಳಗ್ಗೆ ಬಿಸಿಲು ಏರಿದ ಮೇಲೆ ಹೊರಡುವುದೆಂದು ಗೊತ್ತು ಮಾಡಿದೆವು. ಚೇಚಿ ಅವಳ ಬಟ್ಟೆ ಮಡಚಿ ಚೀಲಕ್ಕೆ ತುಂಬುತ್ತಿದ್ದರು. ಆಗ ಗೋಡೆಯಾಚೆ ಮತ್ತೆ ಟಕ್ ಟಕ್ ಎಂದಿತು. ನಾನು ಏಳಹೋದೆ. ಚೇಚಿ ನನ್ನ ಭುಜ ಅದುಮಿ ಕೂರಿಸಿದರು.

"ನೀ ಇವಿಡೆ ಇರಿಕ್ಕ್ ಮೋನೆ." ನೀನು ಇಲ್ಲೇ ಕೂತಿರು ಎಂದರು. "ನೀನು ಆ ಬಟ್ಟಲಿಗೆ ಎಣ್ಣೆ ಹಾಕುವುದನ್ನು ದಿನಾ ನೋಡಿದ್ದೇನೆ. ಅದೇನು ದೊಡ್ಡ ವಿದ್ಯೆಯಾ? ಇವತ್ತೊಂದು ದಿನ ಇವಳ ಹತ್ತಿರ ಕೂತುಕೋ."

ಹೋದರು, ಬಂದರು. ಗೋಡೆಯಾಚೆ ಟಕ್, ಆಮೇಲೆ ನಿಧಾನವಾಗಿ ಸೊರ್. ನಾನು ಹಾಕಿದಾಗಲೂ ಅಷ್ಟು ಚೆನ್ನಾಗಿ ನಡೆದಿರಲಿಲ್ಲ. ಚೇಚಿ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಹೆಮ್ಮೆಯಿಂದ ನಕ್ಕರು. ಹೆಂಡತಿ, "ಇನ್ಮೇಲೆ ಆ ಕೆಲ್ಸ ಚೇಚಿಗೇ ಕೊಡ್ಲಿ" ಎಂದಳು. ನಾನು ಅದನ್ನು ಮಲಯಾಳಕ್ಕೆ ತಿರುಗಿಸಿ ಹೇಳಿದೆ. ಮೂವರೂ ನಕ್ಕೆವು. ಆ ಸಂಜೆಯೆಲ್ಲ ನಾನು ಸ್ಟೂಲು ಬಿಟ್ಟು ಏಳಲಿಲ್ಲ. ಅವಳು ನನ್ನ ಅಂಗಿ ಹಿಡಿಯಲೂ ಇಲ್ಲ, ಹಿಡಿಯುವ ಅಗತ್ಯ ಬೀಳಲಿಲ್ಲ. ಆ ಸಂಜೆಯನ್ನು ನನಗೆ ಕೊಟ್ಟವರು ಚೇಚಿ. ಇದನ್ನು ಮರೆಯಬಾರದು ಎಂದು ನನಗೆ ನಾನೇ ಹೇಳಿಕೊಳ್ಳುತ್ತಿರುತ್ತೇನೆ.

ಮಾರನೆಯ ಬೆಳಿಗ್ಗೆ ವಿಪರೀತ ಚಳಿ. ಕಿಟಕಿಯಾಚೆ ಕಾಫಿ ಗಿಡಗಳೂ ಕಾಣದಷ್ಟು ಮಂಜು. ಚೇಚಿ ಬೀಳ್ಕೊಡುವುದಕ್ಕೆಂದು ಬೇಗ ಬಂದಿದ್ದರು. ನಾನು ಹೆಂಡತಿಗೆ ಸ್ವೆಟರ್ ಹಾಕಿ, ತಲೆಗೆ ಟವೆಲು ಸುತ್ತಿ, ಜೀಪಿನವನಿಗೆ ಫೋನ್ ಮಾಡಲು ಹೊರಗೆ ಬಂದರೆ ನರ್ಸು ಎದುರಿಗೇ ಓಡಿ ಬಂದಳು. ಕೊಳವೆ ನಿಂತಿದೆ. ಬೆಳಗಿನ ಜಾವ ಒಂದು ಕುಪ್ಪಿ ಹೋದದ್ದೇ ಕೊನೆ, ಅದರ ಹಿಂದಿನ ಕುಪ್ಪಿಗಳೆಲ್ಲ ಒಳಗೇ ಸಿಕ್ಕಿಕೊಂಡಿವೆ. ಉಳಿದವರದನ್ನು ಮತ್ತೆ ತೆಗೆದು ಕೈಯಲ್ಲಿ ಕೊಂಡೊಯ್ಯಬಹುದು. ಆದರೆ ಒಂದರಲ್ಲಿ ಹಿಂದಿನ ದಿನ ಹುಟ್ಟಿದ ಮಗುವಿನ ರಕ್ತವಿದೆ. ಆ ಎಳೆಯ ಕೈಯಿಂದ ಅಷ್ಟು ತೆಗೆಯುವುದಕ್ಕೇ ಸಾಕುಸಾಕಾಗಿದೆ, ಇನ್ನೊಮ್ಮೆ ಚುಚ್ಚಲು ಡಾಕ್ಟರು ಒಪ್ಪುತ್ತಿಲ್ಲ. ಚೇಟ್ಟಾ, ಅಣ್ಣಾ, ಒಂದು ಸಲ ನೋಡಿ ಕೊಡಿ ಎಂದು ಕೈ ಮುಗಿದಳು.

ಒಳಗೆ ಬಂದು ಹೆಂಡತಿಗೆ ಹೇಳಿದೆ. ಮಗು ಎಂದ ಮೇಲೆ ಅವಳೇ, "ಹೋಗ್ಬನ್ನಿ" ಎಂದಳು. ಎರಡನೇ ಹೆಂಡತಿಯ ಮಾತು ಎತ್ತಲಿಲ್ಲ. ಚೇಚಿಯನ್ನು ಸ್ಟೂಲಿನ ಮೇಲೆ ಕೂರಿಸಿ, ಈಗ ಬಂದೆ ಎಂದು ಹೋದೆ.

ಗಾಳಿ ನಿಲ್ಲಿಸಿ ಪೆಟ್ಟಿಗೆ ತೆರೆದೆ. ಬೆರಳು ಕೊಳವೆಯೊಳಕ್ಕೆ ಚಾಚಿಕೊಂಡದ್ದು ಹಾಗೇ ನಿಂತಿದೆ. ಸ್ಪ್ರಿಂಗು ಎಳೆಯುತ್ತಿದೆ, ಬಟ್ಟಲು ಬಿಡುತ್ತಿಲ್ಲ. ಮುಚ್ಚಳ ತಿರುಗಿಸಿದೆ. ಒಳಗೆ ಬೆಳ್ಳಗೆ, ಗಟ್ಟಿಯಾಗಿ, ಚಳಿಗಾಲದ ತುಪ್ಪದ ಹಾಗೆ. ಮೂಗಿಗೆ ಹಿಡಿದು ನೋಡುವುದೇ ಬೇಡವಾಗಿತ್ತು. ಚೇಚಿಯ ತಲೆಯ ವಾಸನೆ ಕೋಣೆಗೆಲ್ಲ ಹರಡಿತು.

ಹಿಂದಿನ ದಿನ ಗೀಸರ್ ಮೇಲಿಂದ ತೆಗೆದು ಬಿಸಿಬಿಸಿ ಸುರಿದಿದ್ದಾರೆ. ಮಧ್ಯಾಹ್ನದ ಬಿಸಿಲಿಗೆ ನೀರಿನಂತೆ ಓಡಿದೆ, ಬೆಳಗಿನ ಚಳಿಗೆ ಕಲ್ಲಾಗಿದೆ. ತಲೆಗೆ ಹಚ್ಚುವ ಎಣ್ಣೆ ಗಟ್ಟಿಯಾಗುವುದು ಚೇಚಿಗೆ ಗೊತ್ತಿರಲಿಲ್ಲವೇ? ದಿನಾ ಕರಗಿಸುವವರು ಅವರೇ. ಆದರೆ ಯಂತ್ರದೊಳಗೆ ಹೋದ ಮೇಲೆ ಅದೂ ಯಂತ್ರದ ಎಣ್ಣೆಯೇ ಆಯಿತೆಂದು ಅವರ ಮನಸ್ಸು ಅಂದುಕೊಂಡಿರಬೇಕು. ನನಗೆ ಸಿಟ್ಟು ಬರಲಿಲ್ಲ, ನಿಜವಾಗಿಯೂ ನಗು ಬಂತು. ಇದನ್ನು ಹೆಂಡತಿಗೆ ಹೇಳಬೇಕು, ಚೇಚಿ ನನ್ನ ಬೆರಳಿಗೂ ತಲೆ ಬಾಚಿ ಜಡೆ ಹಾಕಿದ್ದಾರೆ ಎನ್ನಬೇಕು, ದಾರಿಯುದ್ದಕ್ಕೂ ಜೀಪಿನಲ್ಲಿ ನಗುತ್ತಾಳೆ ಎಂದುಕೊಂಡೆ. ಫ್ಲಾಸ್ಕಿನ ಬಿಸಿನೀರು ತರಿಸಿ ಬಟ್ಟಲಿನ ಮೇಲೆ ಸುರಿದೆ. ಕರಗಿತು. ಬಸಿದೆ, ಬಟ್ಟೆ ತೂರಿಸಿ ಒರೆಸಿದೆ, ತೆಳು ಎಣ್ಣೆ ತುಂಬಿದೆ. ಬೆರಳು ಮೆಲ್ಲಗೆ ಹಿಂದೆ ಸರಿಯಿತು. ಗಾಳಿ ಹಾಕಿದೆ. ಸಿಕ್ಕಿಕೊಂಡಿದ್ದ ಕುಪ್ಪಿಗಳು ಒಂದು ಹೋಗಿ, ತಡೆದು, ಇನ್ನೊಂದು ಹೋಗಿ, ತಡೆದು, ಸರಿಯಾದ ಅಂತರದಲ್ಲಿ ಇಳಿದವು. ಮಗುವಿನ ರಕ್ತ ಸಿಕ್ಕಿತು ಎಂದು ಲ್ಯಾಬಿನವರು ಕೆಳಗಿನಿಂದ ಫೋನ್ ಮಾಡಿದರು. ಆ ಮಗು ಬದುಕಿದೆ.

ನಾನು ಆ ತಮಾಷೆಯ ಮಾತನ್ನು ಬಾಯಲ್ಲಿಟ್ಟುಕೊಂಡೇ ವಾರ್ಡಿನೊಳಕ್ಕೆ ಹೋದೆ. ಚೇಚಿ ತುಟಿಯ ಮೇಲೆ ಬೆರಳಿಟ್ಟು ಸುಮ್ಮನಿರು ಎಂದರು. ಮೋಳೆ ಈಗಷ್ಟೇ ನಿದ್ದೆ ಹೋದಳು ಎಂದರು. ಹೆಂಡತಿಯ ಕೈ ಅವರ ಎರಡೂ ಕೈಗಳೊಳಗಿತ್ತು. ನಾನು ಅವಳ ಮುಖ ನೋಡಿದೆ. ನಿದ್ದೆಯಲ್ಲಿ ಅವಳು ಹೇಗಿರುತ್ತಾಳೆಂದು ನನಗೆ ಗೊತ್ತು. ಹುಬ್ಬು ಗಂಟಿಕ್ಕಿ, ಯಾರ ಮೇಲೋ ಜಗಳಕ್ಕೆ ಹೊರಟವಳ ಹಾಗೆ ಮಲಗುವವಳು ಅವಳು. ಹುಬ್ಬು ಸಡಿಲವಾಗಿತ್ತು.

ನಾನು ಅತ್ತೆನೋ ಕೂಗಿದೆನೋ ತಿಳಿಯದು. ಚೇಚಿಗೆ ನನ್ನ ಮುಖ ನೋಡಿದ ಮೇಲೆ ಗೊತ್ತಾಯಿತು. ಆಮೇಲೆ ನರ್ಸು ಬಂದರು, ಡಾಕ್ಟರು ಬಂದರು, ಪರದೆ ಎಳೆದರು. ಮಂಚದ ಕೆಳಗೆ ಬಟ್ಟೆಯ ಚೀಲ ಕಟ್ಟಿಟ್ಟಂತೆಯೇ ಇತ್ತು. ಜೀಪಿನವನು ಕೆಳಗೆ ಬಂದು ಹಾರ್ನ್ ಹೊಡೆಯುತ್ತಿದ್ದ.

ಕಾರಿಡಾರಿನಲ್ಲಿ ಚೇಚಿ ನನ್ನ ಪಕ್ಕ ನೆಲದ ಮೇಲೆ ಕೂತು ಹೇಳಿದರು. ನಾನು ಹೋದ ಮೇಲೆ ಅವಳು ಮಾತಾಡಿದಳಂತೆ. ಒಂದೆರಡು ಮಾತಲ್ಲ, ಬಹಳ ಹೊತ್ತು. ಎಷ್ಟೋ ದಿನದಿಂದ ಅಷ್ಟು ಮಾತಾಡಿದ್ದನ್ನು ಚೇಚಿ ಕಂಡಿರಲಿಲ್ಲವಂತೆ. ಎಲ್ಲ ಕನ್ನಡದಲ್ಲಿ. ನಡುವೆ ಒಮ್ಮೆ ನಕ್ಕಳಂತೆ. ಒಮ್ಮೆ ಏನನ್ನೋ ಕೇಳಿದಳಂತೆ, ಉತ್ತರಕ್ಕೆ ಕಾಯುವ ಹಾಗೆ ಮುಖ ನೋಡಿದಳಂತೆ.

"ನೀವು ಏನೆಂದಿರಿ?" ಎಂದು ಕೇಳಿದೆ.

"ನನಗೇನು ತಿಳಿಯುತ್ತದೆ ಮೋನೆ? ಎಲ್ಲದಕ್ಕೂ ಶರಿ, ಶರಿ ಅಂದೆ. ಶರಿ ಅಂದಾಗ ಅವಳು ಕಣ್ಣು ಮುಚ್ಚಿದಳು."

ಆಗಲಿ, ಆಗಲಿ ಎಂದಿದ್ದಾರೆ. ಅವಳು ಏನು ಕೇಳಿಕೊಂಡಳು, ಚೇಚಿ ನನ್ನ ಪರವಾಗಿ ಯಾವುದಕ್ಕೆ ಒಪ್ಪಿದರು, ಇಬ್ಬರಿಗೂ ಗೊತ್ತಿಲ್ಲ. ಅವಳಿಗೆ ಮಲಯಾಳ ತಕ್ಕಮಟ್ಟಿಗೆ ಬರುತ್ತಿತ್ತು. ಆ ಹೊತ್ತಿನಲ್ಲಿ ಅದು ಬೇಡವಾಯಿತೋ, ಎದುರಿಗೆ ಕೂತದ್ದು ನಾನೆಂದೇ ಅಂದುಕೊಂಡಳೋ, ಅವ್ವನೆಂದು ಅಂದುಕೊಂಡಳೋ. ಆ ಗೋಡೆಯ ಈಚೆ ನನ್ನ ಹೆಂಡತಿ ನನಗೆ ತಿಳಿಯುವ ಭಾಷೆಯಲ್ಲಿ ಕೊನೆಯ ಮಾತು ಆಡುತ್ತಿದ್ದಾಗ ನಾನು ಆಚೆ ನಿಂತು ಬಟ್ಟಲು ಒರೆಸುತ್ತಿದ್ದೆ. ಇದು ನನಗೆ ನುಂಗಲೂ ಆಗುವುದಿಲ್ಲ, ಉಗುಳಲೂ ಆಗುವುದಿಲ್ಲ.

ಎಣ್ಣೆಯ ವಿಷಯ ನಾನು ಚೇಚಿಗೆ ಹೇಳಿಲ್ಲ. ಕೊಳವೆ ಯಾಕೆ ನಿಂತಿತ್ತು ಎಂದು ಅವರು ಕೇಳಿದಾಗ ಸ್ಪ್ರಿಂಗು ಸಿಕ್ಕಿಕೊಂಡಿತ್ತು ಎಂದೆ. ನನ್ನನ್ನು ಅವಳ ಪಕ್ಕದಲ್ಲಿ ಕೂರಿಸುವುದಕ್ಕೆಂದೇ ಮಾಡಿದ ಕೆಲಸ ನನ್ನನ್ನು ಅವಳ ಪಕ್ಕದಿಂದ ಎಬ್ಬಿಸಿತು ಎಂದು ಗೊತ್ತಾದರೆ ಆ ಹೆಂಗಸು ಉಳಿಯುವುದಿಲ್ಲ. ಚೇಚಿಗೆ ಕನ್ನಡ ಓದಲು ಬರುವುದಿಲ್ಲ ಎಂಬ ಧೈರ್ಯದ ಮೇಲೆ ಇಲ್ಲಿ ಬರೆದಿದ್ದೇನೆ. ಎಲ್ಲಾದರೂ ಒಂದು ಕಡೆ ಹೇಳದೆ ಇರಲು ನನ್ನಿಂದಲೂ ಆಗಲಿಲ್ಲ.

ಅದೇ ಜೀಪಿನಲ್ಲಿ ಅವಳನ್ನು ಮರಕ್ಕಡವಿಗೆ ಕರೆದುಕೊಂಡು ಹೋದೆವು. ಚೇಚಿ ಹಿಂದೆ ಕೂತು ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಿದ್ದರು. ಅತ್ತೆಗೆ ಫೋನಿನಲ್ಲಿ ಹೇಳುವುದಕ್ಕೆ ನನಗೆ ಬಾಯಿ ಬರಲಿಲ್ಲ, ಹೊರಟಿದ್ದೇವೆ ಎಂದಷ್ಟೇ ಹೇಳಿದೆ. ನಾವು ಹೋದಾಗ ಅವರು ಸಂಜೆಯವರೆಗೆ ಕಾಯದೆ ಆಗಲೇ ಆಚೆ ದಡದಲ್ಲಿ ನಿಂತಿದ್ದರು. ಹಸಿರು ಸೀರೆ ಉಟ್ಟಿದ್ದರು. ಜೀಪು ಕಂಡದ್ದೇ ಮಗಳ ಹೆಸರು ಹಿಡಿದು ಕೂಗಿದರು. ನೀರಿನ ಮೇಲಿಂದ ಆ ಕೂಗು ಬಂದು ನಮಗೆ ತಾಗಿತು. ನಾನು ಕೂಗುತ್ತೇನೆ ಎಂದು ಅವಳಿಗೆ ಮಾತು ಕೊಟ್ಟಿದ್ದೆ. ದಡಕ್ಕೆ ಇಳಿದು ನಿಂತೆ. ಬಾಯಿ ತೆರೆದೆ. ಏನೂ ಹೊರಡಲಿಲ್ಲ. ಅತ್ತೆ ಇನ್ನೊಮ್ಮೆ ಕೂಗಿದರು. ಆಮೇಲೆ ಕೂಗುವುದನ್ನು ನಿಲ್ಲಿಸಿ ತೋಣಿಯ ಕಡೆಗೆ ಓಡಿದರು.

ಮಗಳನ್ನು ನೋಡಿ ಅತ್ತು ಮುಗಿದ ಮೇಲೆ, ಮುಗಿಯುವುದು ಎಂದರೆ ಆ ಹೊತ್ತಿಗೆ ಮುಗಿದ ಮೇಲೆ, ಅತ್ತೆ ನನ್ನನ್ನು ಕೇಳಿದರು.

"ಅವಳ ತಾವ ಯಾರಿದ್ರು?"

"ಈ ಚೇಚಿ ಇದ್ರು ಅತ್ತೆ."

ಅತ್ತೆ ಚೇಚಿಯ ಕೈ ಹಿಡಿದುಕೊಂಡರು. "ಏನಂದ್ಲು ನನ್ ಮಗ್ಳು? ನನ್ನ ಕೇಳಿದ್ಲಾ? ಅವ್ವ ಅಂದ್ಲಾ?" ಎಂದು ಒಂದೇ ಸಮನೆ ಕೇಳಿದರು. ಚೇಚಿ ನನ್ನ ಕಡೆ ನೋಡಿದರು. ನಾನು ಮಲಯಾಳಕ್ಕೆ ತಿರುಗಿಸಲಿಲ್ಲ. ತಿರುಗಿಸುವುದು ಬೇಕೂ ಇರಲಿಲ್ಲ, ಒಬ್ಬ ತಾಯಿ ಏನು ಕೇಳುತ್ತಾಳೆಂದು ಅವರಿಗೆ ಗೊತ್ತಿತ್ತು. ಅತ್ತೆಯ ಭುಜಕ್ಕೆ ತಲೆಯಿಟ್ಟು ಅಳಲು ತೊಡಗಿದರು.

ನಾನು ಈಗಲೂ ಅಲ್ಲೇ ಕೆಲಸದಲ್ಲಿದ್ದೇನೆ. ಬಟ್ಟಲು ಈಗಲೂ ಜಿನುಗುತ್ತದೆ, ಈಗಲೂ ತುಂಬುತ್ತೇನೆ. ಊಟದ ಹೊತ್ತಿಗೆ ವಾರ್ಡಿನ ಮುಂದಿನ ಬೆಂಚಿನಲ್ಲಿ ಕೂತಾಗ ಅತ್ತೆ ಫೋನ್ ಮಾಡುತ್ತಾರೆ. ನಾನು ಮಾತಾಡುವಾಗಲೆಲ್ಲ ಚೇಚಿ ಕೈಯ ಕೆಲಸ ಬಿಟ್ಟು ಬಾಗಿಲಿಗೆ ಬಂದು ನಿಲ್ಲುತ್ತಿದ್ದರು. ಯಾಕೆಂದು ಒಂದು ದಿನ ಕೇಳಿದೆ.

"ಅವಳು ಆಡಿದ ಮಾತು ನೆನಪಿಲ್ಲ ಮೋನೆ. ಆದರೆ ಕಿವಿಗೆ ಬಿದ್ದರೆ ಗುರುತು ಸಿಗುತ್ತದೆ. ಒಂದಾದರೂ ಸಿಕ್ಕೀತು ಅಂತ ಕೇಳುತ್ತೇನೆ."

ಅಂದಿನಿಂದ ಫೋನಿನಲ್ಲಿ ನಾನು ಬೇಕೆಂದೇ ಮಾತು ಬೆಳೆಸುತ್ತೇನೆ. ಹೊಳೆಯಲ್ಲಿ ನೀರು ಎಷ್ಟಿದೆ, ತೋಣಿ ಓಡುತ್ತಿದೆಯೇ, ಅವರೆ ಹೂ ಬಿಟ್ಟಿತೇ, ಮಂಡಿ ನೋವು ಹೇಗಿದೆ. ಅವಳ ಬಾಯಲ್ಲಿ ಓಡಾಡುತ್ತಿದ್ದ ಮಾತುಗಳನ್ನೆಲ್ಲ ಹುಡುಕಿ ಹುಡುಕಿ, ಬಿಡಿಸಿ ಬಿಡಿಸಿ, ಚೇಚಿಗೆ ಕೇಳುವ ಹಾಗೆ ಆಡುತ್ತೇನೆ. ಅಳಿಯ ಈಚೆಗೆ ಮಾತುಗಾರನಾದ ಎಂದು ಅತ್ತೆಗೆ ಸಮಾಧಾನ. ಫೋನ್ ಇಟ್ಟು ತಲೆಯೆತ್ತಿ ನೋಡುತ್ತೇನೆ. ಚೇಚಿ ಇಲ್ಲವೆಂದು ತಲೆಯಾಡಿಸಿ ಒಳಗೆ ಹೋಗುತ್ತಾರೆ.